ಕೋರ್ಟಿನಲ್ಲಿ ತೀರ್ಪು ಉಲ್ಲೇಖಿಸುವುದು ಹೇಗೆ? ಒಂದು ಚೆಕ್ ಬೌನ್ಸ್ ಕೇಸ್ ಹಿಡಿದು ಹಂತ ಹಂತವಾಗಿ

ನಾನು ಪ್ರಾಕ್ಟೀಸ್ ಶುರು ಮಾಡಿ ಎರಡನೇ ವರ್ಷ. ಚೆಕ್ ಬೌನ್ಸ್ ಕೇಸಿನಲ್ಲಿ ಆರೋಪಿ ಪರ ವಾದ ಮಾಡಬೇಕಿತ್ತು. ಎಂಟು ತೀರ್ಪುಗಳ ಜೆರಾಕ್ಸ್ ಕಟ್ಟು ಹಿಡಿದು ನಿಂತೆ. ಎಲ್ಲಕ್ಕಿಂತ ಮೇಲಿದ್ದದ್ದು ಕೃಷ್ಣ ಜನಾರ್ದನ ಭಟ್ ವಿರುದ್ಧ ದತ್ತಾತ್ರೇಯ ಜಿ. ಹೆಗಡೆ, (2008) 4 ಎಸ್‌ಸಿಸಿ 54 (ಎಸ್‌ಸಿಸಿ ಅಂದರೆ 'ಸುಪ್ರೀಂ ಕೋರ್ಟ್ ಕೇಸಸ್' ಎಂಬ ತೀರ್ಪು ವರದಿಗಳ ಪುಸ್ತಕ). ಸಾಲ ಇತ್ತು ಎಂಬುದನ್ನು ಕಾನೂನು ತಾನಾಗಿ ಊಹಿಸಿಕೊಳ್ಳುವುದಿಲ್ಲ, ಅದನ್ನು ದೂರುದಾರರೇ ಸಾಬೀತು ಮಾಡಬೇಕು ಎಂದು ಅದರ ಹೆಡ್‌ನೋಟ್ (ತೀರ್ಪಿನ ಮೇಲ್ಭಾಗದಲ್ಲಿ ಅಚ್ಚಾಗುವ ಸಾರಾಂಶ) ಓದಿ ಹೇಳಿದೆ. ಎದುರು ಪಕ್ಷದ ಹಿರಿಯ ವಕೀಲರು ಎದ್ದರು. ಕೈಯಲ್ಲಿದ್ದದ್ದು ಒಂದೇ ತೀರ್ಪು: ರಂಗಪ್ಪ ವಿರುದ್ಧ ಶ್ರೀ ಮೋಹನ್, (2010) 11 ಎಸ್‌ಸಿಸಿ 441. ನಾನು ಓದಿದ ಆ ಮಾತೇ ಸರಿ ಇಲ್ಲದಿರಬಹುದು ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದರಲ್ಲಿ ಹೇಳಿತ್ತು. ನನ್ನ ಉಳಿದ ಏಳು ತೀರ್ಪುಗಳನ್ನು ನ್ಯಾಯಾಧೀಶರು ತೆರೆದೂ ನೋಡಲಿಲ್ಲ. ಹಿಂದೆ ನಿಂತಿದ್ದ ಕಕ್ಷಿದಾರರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಆ ದಿನದಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸ ವಕೀಲರಿಗೆ, ಕಾನೂನು ವಿದ್ಯಾರ್ಥಿಗಳಿಗೆ, ತಮ್ಮ ಕೇಸನ್ನು ತಾವೇ ನಡೆಸುವವರಿಗೆ ಇದು ಉಪಯೋಗಕ್ಕೆ ಬರಬೇಕು. ಉದಾಹರಣೆಗೆ ಒಂದು ಚೆಕ್ ಬೌನ್ಸ್ ಕೇಸನ್ನೇ ಇಟ್ಟುಕೊಳ್ಳೋಣ. ಈ ಸಲ ನಾವು ದೂರುದಾರರ ಪರ. ಪರಿಚಯದವರಿಗೆ 3 ಲಕ್ಷ ಕೈಸಾಲ ಕೊಟ್ಟಿದ್ದಾರೆ, ಬ್ಯಾಂಕಿನಿಂದ ಹಣ ತೆಗೆದ ದಾಖಲೆ ಇದೆ. ಆರೋಪಿ ಸಹಿ ಒಪ್ಪುತ್ತಾರೆ. ಆದರೆ ಸಾಲವೇ ಪಡೆದಿಲ್ಲ, ಚೆಕ್ ಬೇರೆ ಯಾವುದೋ ಕಾರಣಕ್ಕೆ ಕೊಟ್ಟಿದ್ದು ಅನ್ನುತ್ತಾರೆ.

1. ಮೊದಲು ಫೈಲು, ಆಮೇಲೆ ತೀರ್ಪು

ಸರ್ಚ್ ಬಾಕ್ಸ್ ತೆರೆಯುವ ಮುಂಚೆ ಫೈಲನ್ನು ಒಮ್ಮೆ ಪೂರ್ತಿ ಓದಿ. ದೂರು, ಚೆಕ್, ಬ್ಯಾಂಕಿನ ಹಿಂಬರಹ, ನೋಟಿಸು, ಪಾಟಿಸವಾಲು, ಎಲ್ಲವನ್ನೂ. ಯಾವ ವಿಷಯ ಒಪ್ಪಿಗೆಯಾಗಿದೆ, ಯಾವುದರ ಮೇಲೆ ಜಗಳ ಇದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.

ನಮ್ಮ ಕೇಸಿನ ಪ್ರಶ್ನೆ ಇದು: ಚೆಕ್ಕಿನ ಸಹಿ ತನ್ನದೇ ಎಂದು ಆರೋಪಿ ಒಪ್ಪಿದ ಮೇಲೆ, ಸಾಲ ಇತ್ತೋ ಇಲ್ಲವೋ ಎಂದು ತೋರಿಸುವ ಹೊಣೆ ಯಾರ ಮೇಲೆ ಬೀಳುತ್ತದೆ?

ಪ್ರಶ್ನೆ ಇಷ್ಟು ಸ್ಪಷ್ಟವಾದರೆ ಹುಡುಕಾಟ ಅರ್ಧ ಮುಗಿದ ಹಾಗೆ. ಇನ್ನೊಂದು ಮಾತು: ತೀರ್ಪಿಗಿಂತ ಮೊದಲು ಕಾನೂನಿನ ಕಲಮನ್ನೇ ಓದಿ. ಇಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138, 139 ಮತ್ತು 118(ಎ). 138 ಅಪರಾಧ ಯಾವುದು ಎಂದು ಹೇಳುತ್ತದೆ. 139 ಮತ್ತು 118(ಎ) ಕೋರ್ಟು ಏನನ್ನು ಊಹಿಸಿಕೊಳ್ಳಬೇಕು ಎಂದು ಹೇಳುತ್ತವೆ. ತೀರ್ಪು ಈ ಮಾತುಗಳನ್ನು ಬಿಡಿಸಿ ಹೇಳುತ್ತದೆ ಅಷ್ಟೆ. ಕಲಮನ್ನೇ ಓದದೆ ತೀರ್ಪು ಓದಿದರೆ ಉತ್ತರ ಗೊತ್ತು, ಪ್ರಶ್ನೆ ಗೊತ್ತಿಲ್ಲ ಅನ್ನೋ ಹಾಗಾಗುತ್ತದೆ.

2. ಯಾವ ತೀರ್ಪಿಗೆ ಎಷ್ಟು ತೂಕ

ಸಂವಿಧಾನದ 141ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುತ್ತದೆ. ಕರ್ನಾಟಕದ ಕೆಳಗಿನ ಕೋರ್ಟುಗಳಿಗೆ ಅದಾದ ಮೇಲೆ ಕರ್ನಾಟಕ ಹೈಕೋರ್ಟ್. ಬೆಂಗಳೂರು, ಧಾರವಾಡ, ಕಲಬುರಗಿ, ಮೂರು ಪೀಠಗಳದ್ದೂ ಒಂದೇ ಹೈಕೋರ್ಟಿನ ಮಾತು. ಬಳ್ಳಾರಿಯ ಕೇಸಿಗೆ ಬೆಂಗಳೂರು ಪೀಠದ ತೀರ್ಪು ಕೊಡಬಹುದಾ ಅಂತ ಜೂನಿಯರ್‌ಗಳು ಕೇಳುತ್ತಾರೆ. ಧಾರಾಳವಾಗಿ ಕೊಡಬಹುದು. ಮದ್ರಾಸ್ ಅಥವಾ ಬಾಂಬೆ ಹೈಕೋರ್ಟಿನ ತೀರ್ಪಿಗೆ ಇಲ್ಲಿ ಗೌರವ ಇದೆ, ಆದರೆ ಅದು ಕಟ್ಟಿಹಾಕುವುದಿಲ್ಲ. ನಮ್ಮ ಹೈಕೋರ್ಟ್ ಆ ವಿಷಯದಲ್ಲಿ ಏನೂ ಹೇಳಿರದಿದ್ದರೆ ಆಗ ಅದನ್ನು ಹಿಡಿಯಿರಿ.

ಪೀಠದಲ್ಲಿ ಎಷ್ಟು ಜನ ಕೂತಿದ್ದರು ಅನ್ನೋದೂ ಮುಖ್ಯ. ಹೆಚ್ಚು ನ್ಯಾಯಮೂರ್ತಿಗಳ ಪೀಠ ಹೇಳಿದ್ದೇ ಮೇಲು. ಹಾಗಾಗಿ ತೀರ್ಪು ಬರೆದುಕೊಳ್ಳುವಾಗ ಪಕ್ಕದಲ್ಲೇ ಪೀಠದ ಸಂಖ್ಯೆ ಬರೆದುಬಿಡಿ. ಕೃಷ್ಣ ಜನಾರ್ದನ ಭಟ್: ಇಬ್ಬರು. ರಂಗಪ್ಪ: ಮೂವರು. ನಾನು ಆವತ್ತು ಈ ಎರಡು ಅಂಕಿ ಬರೆದುಕೊಂಡಿದ್ದರೆ ಸಾಕಿತ್ತು.

ಸಮಾನ ಸಂಖ್ಯೆಯ ಎರಡು ಪೀಠಗಳು ಬೇರೆ ಬೇರೆ ಹೇಳಿದ್ದರೆ? ಇದು ನಿಜವಾಗಿಯೂ ಕಷ್ಟದ ಪ್ರಶ್ನೆ. ಅಂಥ ಸಂದರ್ಭದಲ್ಲಿ ನಂತರದ್ದನ್ನು ಹಿಡಿಯಬೇಕು ಎಂದು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಗೋವಿಂದನಾಯಕ್ ಕಲಘಟಗಿ ಕೇಸಿನಲ್ಲಿ, ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) 1980 ಕರ್ನಾಟಕ 92, ಹೇಳಿತ್ತು. ಆದರೆ ಸಂದೀಪ್ ಕುಮಾರ್ ಬಾಫ್ನಾ ಕೇಸಿನಲ್ಲಿ, (2014) 16 ಎಸ್‌ಸಿಸಿ 623, ಮೊದಲು ಬಂದದ್ದನ್ನೇ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಈಗ ಹೊಸದು ಕೊಟ್ಟಿದ್ದೇನೆ, ಅದೇ ಗಟ್ಟಿ ಅನ್ನೋ ಧೈರ್ಯ ಬೇಡ.

ಇದರ ಒಳ್ಳೆಯ ಉದಾಹರಣೆ ಮೋಟಾರು ಅಪಘಾತ ಪರಿಹಾರದ ಕೇಸುಗಳಲ್ಲಿದೆ. ಎಸ್‌ಸಿಸಿಯ 2013ರ 9ನೇ ಸಂಪುಟ ತೆಗೆದರೆ 54ನೇ ಪುಟದಲ್ಲಿ ರಾಜೇಶ್ ವಿರುದ್ಧ ರಾಜ್‌ಬೀರ್ ಸಿಂಗ್, 65ನೇ ಪುಟದಲ್ಲಿ ರೇಷ್ಮಾ ಕುಮಾರಿ ವಿರುದ್ಧ ಮದನ್ ಮೋಹನ್ ಸಿಗುತ್ತದೆ. ಪುಸ್ತಕದಲ್ಲಿ ಮೊದಲು ಬರುವುದು ರಾಜೇಶ್. ಆದರೆ ಮೊದಲು ತೀರ್ಮಾನವಾದದ್ದು ರೇಷ್ಮಾ ಕುಮಾರಿ, 2013ರ ಏಪ್ರಿಲ್ 2ರಂದು. ರಾಜೇಶ್ ಬಂದದ್ದು ಹತ್ತು ದಿನ ತಡವಾಗಿ, ಏಪ್ರಿಲ್ 12ರಂದು, ಮತ್ತು ಅದು ರೇಷ್ಮಾ ಕುಮಾರಿಯನ್ನು ಗಮನಿಸಿರಲಿಲ್ಲ. 2017ರಲ್ಲಿ ಪ್ರಣಯ್ ಸೇಠಿ ಕೇಸಿನಲ್ಲಿ ಐವರ ಪೀಠ ಇದನ್ನೇ ಎತ್ತಿ ತೋರಿಸಿ, ರಾಜೇಶ್ ಕಟ್ಟಿಹಾಕುವ ಪೂರ್ವನಿದರ್ಶನ ಅಲ್ಲ ಎಂದಿತು. ಪುಟದ ಸಂಖ್ಯೆ ನೋಡಬೇಡಿ, ತೀರ್ಪಿನ ದಿನಾಂಕ ನೋಡಿ.

3. ಹುಡುಕುವುದು ಎಲ್ಲಿ

ದುಡ್ಡು ಕೊಟ್ಟು ಚಂದಾದಾರರಾಗುವ ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ಇವೆ. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು 2023ರಿಂದ ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತಿವೆ. ಕರ್ನಾಟಕ ಹೈಕೋರ್ಟಿನ ವೆಬ್‌ಸೈಟಿನಲ್ಲಿ ತೀರ್ಪು ಹುಡುಕಬಹುದು. ಇ-ಕೋರ್ಟ್ಸ್‌ನ ತೀರ್ಪುಗಳ ಪೋರ್ಟಲ್ ಇದೆ. ಇಂಡಿಯನ್ ಕಾನೂನ್ ಅಂತೂ ಎಲ್ಲರಿಗೂ ಗೊತ್ತು. ವಕೀಲರ ಸಂಘದ ಲೈಬ್ರರಿಯನ್ನೂ ಮರೆಯಬೇಡಿ. ಅಲ್ಲಿ ಹಳೆಯ ಐಎಲ್ಆರ್ (ಇಂಡಿಯನ್ ಲಾ ರಿಪೋರ್ಟ್ಸ್) ಸಂಪುಟಗಳನ್ನು ತಿರುವಿ ಹಾಕುವಾಗ ಸಿಗುವುದು ಕಂಪ್ಯೂಟರಿನಲ್ಲಿ ಎಷ್ಟೋ ಸಲ ಸಿಗುವುದಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಹಾಗಾಗಿ ಅದಕ್ಕಿಂತ ಹಿಂದಿನದನ್ನು ಮೈಸೂರು ಎಂಬ ಹೆಸರಿನಲ್ಲೇ ಹುಡುಕಿ.

ಎಐ ಚಾಟ್‌ಬಾಟ್ ಕೊಟ್ಟ ಸೈಟೇಶನ್ (ತೀರ್ಪು ಎಲ್ಲಿದೆ ಎಂದು ತಿಳಿಸುವ ವರ್ಷ, ಪುಸ್ತಕ, ಪುಟ) ಅನ್ನು ಮಾತ್ರ ದಯವಿಟ್ಟು ಹಾಗೇ ಎತ್ತಿಕೊಂಡು ಕೋರ್ಟಿಗೆ ಹೋಗಬೇಡಿ. ಇಲ್ಲದ ಕೇಸಿಗೆ ಹೆಸರು, ವರ್ಷ, ಪುಟ ಎಲ್ಲವನ್ನೂ ಅದು ಸೃಷ್ಟಿ ಮಾಡಿ ಕೊಡಬಲ್ಲದು. 2025ರಲ್ಲಿ ನಮ್ಮ ರಾಜ್ಯದಲ್ಲೇ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಕಾಣಿಸಿಕೊಂಡು, ಹೈಕೋರ್ಟ್ ಅದನ್ನು ಗಂಭೀರವಾಗಿ ತೆಗೆದುಕೊಂಡಿತು. ನಿಯಮ ಸರಳ: ತೀರ್ಪಿನ ಪೂರ್ತಿ ಪ್ರತಿ ನಿಮ್ಮ ಕೈಗೆ ಬರುವವರೆಗೆ ಆ ತೀರ್ಪು ಇಲ್ಲ ಅಂತಲೇ ತಿಳಿಯಿರಿ.

4. ಹೆಡ್‌ನೋಟ್ ಬಿಟ್ಟು ತೀರ್ಪು ಓದುವುದು

ಹೆಡ್‌ನೋಟ್ ಬರೆಯುವುದು ಪುಸ್ತಕದ ಸಂಪಾದಕರು, ನ್ಯಾಯಮೂರ್ತಿಗಳಲ್ಲ. ದಾರಿ ತೋರಿಸಲು ಅದು ಸಾಕು, ಓದಿ ಹೇಳಲು ಸಾಲದು.

ತೀರ್ಪು ಓದುವಾಗ ನಾನು ಮಾರ್ಜಿನ್‌ನಲ್ಲಿ ನಾಲ್ಕು ಗುರುತು ಹಾಕುತ್ತೇನೆ. ಸಂಗತಿಗೆ 'ಸಂ'. ಪಕ್ಷಗಾರರ ವಾದಕ್ಕೆ 'ವಾ'. ಬೇರೆ ತೀರ್ಪಿನಿಂದ ಎತ್ತಿ ಬರೆದದ್ದಕ್ಕೆ 'ಉ'. ಕೋರ್ಟು ತಾನೇ ತೀರ್ಮಾನಿಸಿದ್ದಕ್ಕೆ 'ತೀ'. ಸಣ್ಣ ಅಭ್ಯಾಸ, ಆದರೆ ದೊಡ್ಡ ತಪ್ಪು ತಪ್ಪಿಸುತ್ತದೆ. ವಕೀಲರ ವಾದವನ್ನು ದಾಖಲಿಸಿದ ಪ್ಯಾರಾವನ್ನೇ ಕೋರ್ಟಿನ ಮಾತು ಅಂತ ಓದಿಬಿಟ್ಟವರನ್ನು ನಾನು ನೋಡಿದ್ದೇನೆ.

'ತೀ' ಗುರುತು ಬಿದ್ದ ಕಡೆ ಮಾತ್ರ ನಿಮ್ಮ ಪೂರ್ವನಿದರ್ಶನ ಇರುತ್ತದೆ. ತೀರ್ಪಿನ ಜೀವಾಳವಾದ ಕಾರಣವನ್ನು ರೇಶಿಯೊ ಅನ್ನುತ್ತೇವೆ, ಹಾದಿಯಲ್ಲಿ ಬಂದ ಮಾತನ್ನು ಓಬಿಟರ್. ಪರೀಕ್ಷೆ ಹೀಗೆ ಮಾಡಿ: ಈ ಮಾತನ್ನು ತೆಗೆದುಹಾಕಿದರೆ ಫಲಿತಾಂಶ ಬದಲಾಗುತ್ತದಾ? ಬದಲಾದರೆ ರೇಶಿಯೊ. ತೀರ್ಪು ಯಾವ ಪ್ರಶ್ನೆಯನ್ನು ನಿಜವಾಗಿ ತೀರ್ಮಾನಿಸಿತೋ ಅದಕ್ಕೆ ಮಾತ್ರ ಆಧಾರ ಎಂದು ಸುಪ್ರೀಂ ಕೋರ್ಟ್ ಒರಿಸ್ಸಾ ರಾಜ್ಯ ವಿರುದ್ಧ ಸುಧಾಂಶು ಶೇಖರ್ ಮಿಶ್ರಾ, ಎಐಆರ್ 1968 ಎಸ್‌ಸಿ 647, ಕೇಸಿನಲ್ಲೇ ಹೇಳಿದೆ.

ರಂಗಪ್ಪ ತೀರ್ಪನ್ನೇ ಈ ಕಣ್ಣಿನಿಂದ ನೋಡಿ. 45,000 ರೂಪಾಯಿಯ ಚೆಕ್. ಅದು ಕಳೆದುಹೋಗಿತ್ತು ಎಂಬುದು ಆರೋಪಿಯ ವಾದ. ಕೆಳಗಿನ ಕೋರ್ಟ್ ಬಿಡುಗಡೆ ಮಾಡಿತು, ಕರ್ನಾಟಕ ಹೈಕೋರ್ಟ್ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್ ಹೈಕೋರ್ಟಿನ ಜೊತೆ ನಿಂತಿತು. 139ನೇ ಕಲಮಿನ ಊಹೆಯಲ್ಲಿ, ಕಾನೂನು ಪ್ರಕಾರ ವಸೂಲಿ ಮಾಡಬಹುದಾದ ಸಾಲ ಇತ್ತು ಎಂಬುದೂ ಸೇರುತ್ತದೆ ಎಂದು ಅದು ಹೇಳಿತು. ಅಷ್ಟರ ಮಟ್ಟಿಗೆ ಕೃಷ್ಣ ಜನಾರ್ದನ ಭಟ್ ಕೇಸಿನ ಮಾತು ಸರಿ ಇಲ್ಲದಿರಬಹುದು ಎಂದಿತು. ಆದರೆ ಅದೇ ಪ್ಯಾರಾದಲ್ಲಿ, ಆ ಕೇಸಿನ ಫಲಿತಾಂಶ ಅದರದೇ ಸಂಗತಿಗಳ ಮೇಲೆ ನಿಂತದ್ದರಿಂದ ಅದು ತಪ್ಪು ಎಂದು ತಾನು ಹೇಳುತ್ತಿಲ್ಲ ಎಂದೂ ಸೇರಿಸಿತು. 'ಅಷ್ಟರ ಮಟ್ಟಿಗೆ' ಎಂಬ ಮಾತಿನ ಕೆಳಗೆ ಗೆರೆ ಎಳೆಯಿರಿ. ಆರೋಪಿ ಸಾಕ್ಷಿ ಕಟ್ಟೆ ಹತ್ತಲೇಬೇಕೆಂದಿಲ್ಲ, ತನ್ನ ವಾದ ಸಂಭವನೀಯ ಎಂದು ತೋರಿಸಿದರೆ ಸಾಕು ಎಂಬ ಹಳೆಯ ತೀರ್ಪಿನ ಇತರ ಮಾತುಗಳು ಹಾಗೇ ಉಳಿದಿವೆ. ನಾನು ಆವತ್ತು ಇದನ್ನು ತಿಳಿದಿದ್ದರೆ ಆ ಭಾಗವನ್ನಷ್ಟೇ ಮುಂದಿಟ್ಟು ವಾದ ಉಳಿಸಿಕೊಳ್ಳಬಹುದಿತ್ತು.

5. ಇನ್ನೂ ಜೀವಂತ ಇದೆಯಾ ಎಂದು ನೋಡಿ

ಪ್ರತಿ ತೀರ್ಪಿಗೂ ಈ ಪರೀಕ್ಷೆ ಮಾಡಲೇಬೇಕು. ಇಂಡಿಯನ್ ಕಾನೂನ್‌ನಲ್ಲಿ ಈ ತೀರ್ಪನ್ನು ಉಲ್ಲೇಖಿಸಿದ ಬೇರೆ ತೀರ್ಪುಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಹೊಸದನ್ನೂ ದೊಡ್ಡ ಪೀಠದ್ದನ್ನೂ ಮೊದಲು ತೆರೆಯಿರಿ. ಹೈಕೋರ್ಟ್ ತೀರ್ಪಾದರೆ ಅದರ ವಿರುದ್ಧ ಮೇಲ್ಮನವಿ ಹೋಗಿದೆಯಾ, ತಡೆಯಾಜ್ಞೆ ಇದೆಯಾ ಎಂದು ಸುಪ್ರೀಂ ಕೋರ್ಟ್ ವೆಬ್‌ಸೈಟಿನಲ್ಲಿ ನೋಡಿ. ಎಸ್‌ಎಲ್‌ಪಿಯನ್ನು (ಮೇಲ್ಮನವಿಗೆ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಕೇಳುವ ಅರ್ಜಿ) ಕಾರಣ ಕೊಡದೆ ಒಂದೇ ಸಾಲಿನಲ್ಲಿ ವಜಾ ಮಾಡಿದ್ದರೆ, ಹೈಕೋರ್ಟ್ ತೀರ್ಪಿಗೆ ಸುಪ್ರೀಂ ಕೋರ್ಟ್ ಮುದ್ರೆ ಬಿತ್ತು ಅಂತ ಹೇಳಬೇಡಿ. ಹಾಗಲ್ಲ ಎಂದು ಕುಂಞಹಮ್ಮದ್ ವಿರುದ್ಧ ಕೇರಳ ರಾಜ್ಯ, (2000) 6 ಎಸ್‌ಸಿಸಿ 359, ಬಿಡಿಸಿ ಹೇಳಿದೆ.

ಕಾನೂನೇ ಬದಲಾಗಿದೆಯಾ ಅನ್ನೋದನ್ನೂ ನೋಡಿ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಸಂಹಿತೆಗಳು ಬಂದಿವೆ. ಒಂದು ಸಂಖ್ಯೆ ಎಷ್ಟು ಗೊಂದಲ ಮಾಡುತ್ತದೆ ನೋಡಿ. ಹಳೆಯ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 482 ಅಂದರೆ ನಿರೀಕ್ಷಣಾ ಜಾಮೀನು. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಹಳೆಯ ತೀರ್ಪು ಕೊಡುವಾಗ ಎರಡೂ ಕಲಮುಗಳನ್ನು ಅಕ್ಕಪಕ್ಕ ಇಟ್ಟು, ಪದಗಳು ಒಂದೇ ಇವೆಯಾ ಎಂದು ಓದಿ, ಎರಡೂ ಸಂಖ್ಯೆ ಬರೆಯಿರಿ.

6. ಸೈಟೇಶನ್ ಬರೆಯುವುದು

(2010) 11 ಎಸ್‌ಸಿಸಿ 441 ಅಂದರೆ 2010ರ 11ನೇ ಸಂಪುಟದ 441ನೇ ಪುಟ. ಎಐಆರ್ 2010 ಎಸ್‌ಸಿ 1898 ಅಂದರೆ ಆ ವರ್ಷದ ಎಐಆರ್‌ನ ಸುಪ್ರೀಂ ಕೋರ್ಟ್ ಭಾಗದ 1898ನೇ ಪುಟ. ಎರಡೂ ರಂಗಪ್ಪ ತೀರ್ಪೇ. 2023ರಿಂದ ನ್ಯೂಟ್ರಲ್ ಸೈಟೇಶನ್ (ಯಾವ ಪುಸ್ತಕವನ್ನೂ ಅವಲಂಬಿಸದೆ ಕೋರ್ಟೇ ಕೊಡುವ ಸಂಖ್ಯೆ) ಬಂದಿದೆ. ಸುಪ್ರೀಂ ಕೋರ್ಟಿನದ್ದರಲ್ಲಿ ವರ್ಷದ ಜೊತೆ ಐಎನ್‌ಎಸ್‌ಸಿ ಇರುತ್ತದೆ, ನಮ್ಮ ಹೈಕೋರ್ಟಿನದ್ದರಲ್ಲಿ ಕೆಎಚ್‌ಸಿ. ಧಾರವಾಡಕ್ಕೆ ಕೆಎಚ್‌ಸಿ-ಡಿ, ಕಲಬುರಗಿಗೆ ಕೆಎಚ್‌ಸಿ-ಕೆ.

ಇಲ್ಲಿ ಎಡವುವುದು ಪ್ಯಾರಾ ಸಂಖ್ಯೆಯಲ್ಲಿ. ಮೇಲೆ ಹೇಳಿದ ರಂಗಪ್ಪ ತೀರ್ಪಿನ ಮಾತು ಎಸ್‌ಸಿಸಿ ಪುಸ್ತಕದಲ್ಲಿ 26ನೇ ಪ್ಯಾರಾ. ಕೋರ್ಟಿನ ಮೂಲ ಪ್ರತಿಯಲ್ಲಿ ಅದೇ ಮಾತು 14ನೇ ಪ್ಯಾರಾ. ಎಸ್‌ಸಿಸಿಯವರು ಪ್ಯಾರಾಗಳನ್ನು ತಮ್ಮದೇ ರೀತಿ ಬಿಡಿಸಿ ಸಂಖ್ಯೆ ಹಾಕುತ್ತಾರೆ. ನೀವು 26 ಎಂದು ಹೇಳಿ ವೆಬ್‌ಸೈಟಿನ ಪ್ರತಿ ಕೊಟ್ಟರೆ ನ್ಯಾಯಾಧೀಶರು ಹುಡುಕುತ್ತಾ ಕೂರಬೇಕು. ಯಾವ ಪ್ರತಿ ಕೊಡುತ್ತೀರೋ ಅದರ ಸಂಖ್ಯೆಯನ್ನೇ ಬರೆಯಿರಿ.

7. ಲಿಖಿತ ವಾದದಲ್ಲಿ ಹೆಣೆಯುವುದು

ತೀರ್ಪಿನ ಹೆಸರುಗಳನ್ನು ಸಾಲಾಗಿ ಬರೆದು 'ಇವುಗಳನ್ನು ಅವಲಂಬಿಸಿದ್ದೇವೆ' ಎಂದರೆ ಸಾಲದು. ಸಂಗತಿಗಳು ಹೇಗೆ ಹೊಂದುತ್ತವೆ ಎಂದು ತೋರಿಸದೆ ತೀರ್ಪನ್ನು ಅವಲಂಬಿಸಬಾರದು ಎಂದು ಹರಿಯಾಣ ಫೈನಾನ್ಷಿಯಲ್ ಕಾರ್ಪೊರೇಷನ್ ವಿರುದ್ಧ ಜಗದಂಬಾ ಆಯಿಲ್ ಮಿಲ್ಸ್, (2002) 3 ಎಸ್‌ಸಿಸಿ 496, ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿದೆ. ನಾನು ಪ್ರತಿ ಅಂಶಕ್ಕೂ ಒಂದೇ ಕ್ರಮ ಹಿಡಿಯುತ್ತೇನೆ: ನಮ್ಮ ಮಾತು, ಕಲಮು, ತೀರ್ಪು, ನಮ್ಮ ಸಾಕ್ಷ್ಯ. ನಮ್ಮ ಕೇಸಿನಲ್ಲಿ ಅದು ಹೀಗಿರುತ್ತದೆ:

"ಚೆಕ್ಕಿನ ಸಹಿಯನ್ನು ಆರೋಪಿ ಒಪ್ಪಿದ್ದಾರೆ. ಹಾಗಾಗಿ ಕಾಯ್ದೆಯ 139ನೇ ಕಲಮಿನ ಊಹೆ ಫಿರ್ಯಾದಿಯ ಪರ ಏಳುತ್ತದೆ. ಈ ಊಹೆಯಲ್ಲಿ ಸಾಲದ ಅಸ್ತಿತ್ವವೂ ಸೇರಿದೆ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ರಂಗಪ್ಪ ವಿರುದ್ಧ ಶ್ರೀ ಮೋಹನ್, (2010) 11 ಎಸ್‌ಸಿಸಿ 441, ಪ್ಯಾರಾ 26ರಲ್ಲಿ ಹೇಳಿದೆ. ಇದಲ್ಲದೆ, ಸಾಲ ಕೊಟ್ಟ ದಿನ 3 ಲಕ್ಷ ತೆಗೆದದ್ದು ನಿಶಾನೆ ಪಿ-6 ಬ್ಯಾಂಕ್ ವಿವರದಲ್ಲಿದೆ. ಈ ಬಗ್ಗೆ ಪಿ.ಡಬ್ಲ್ಯೂ-1ರ ಪಾಟಿಸವಾಲಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಿಲ್ಲ."

ನಿಶಾನೆ ಪಿ-6 ಅಂದರೆ ಫಿರ್ಯಾದಿ, ಅಂದರೆ ದೂರುದಾರರ ಪರ ಗುರುತಿಸಿದ ಆರನೇ ದಾಖಲೆ; ಪಿ.ಡಬ್ಲ್ಯೂ-1 ಅಂದರೆ ಅವರ ಪರದ ಮೊದಲ ಸಾಕ್ಷಿ. ಕೊನೆಯ ಎರಡು ವಾಕ್ಯಗಳೇ ಮುಖ್ಯ. ತೀರ್ಪಿಗೂ ನಿಮ್ಮ ಫೈಲಿಗೂ ಗಂಟು ಬೀಳುವುದು ಅಲ್ಲಿಯೇ.

ವಾದವನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ಒಂದು ಮಾತು. ತೀರ್ಪಿನ ತಿರುಳನ್ನು ನಿಮ್ಮ ಕನ್ನಡದಲ್ಲಿ ಹೇಳಿ, ಆದರೆ ಮೂಲ ಇಂಗ್ಲಿಷ್ ಪ್ಯಾರಾವನ್ನು ಜೊತೆಗೆ ಲಗತ್ತಿಸಿ. ಸುಪ್ರೀಂ ಕೋರ್ಟ್ ಕೆಲವು ತೀರ್ಪುಗಳ ಕನ್ನಡ ಅನುವಾದ ಕೊಡುತ್ತಿದೆ. ಅದು ಅರ್ಥ ಮಾಡಿಕೊಳ್ಳಲು ತುಂಬಾ ಒಳ್ಳೆಯದು, ಅಧಿಕೃತ ಪಾಠ ಮಾತ್ರ ಇಂಗ್ಲಿಷಿನದ್ದೇ.

8. ವಿರುದ್ಧ ತೀರ್ಪು ಇದ್ದರೆ

ಮುಚ್ಚಿಡಬೇಡಿ. ನೀವೇ ಎತ್ತಿ, ನೀವೇ ಉತ್ತರ ಕೊಡಿ. ಕೋರ್ಟನ್ನು ಕಟ್ಟಿಹಾಕುವ ತೀರ್ಪನ್ನು ಗೊತ್ತಿದ್ದೂ ಹೇಳದಿರುವುದು ವೃತ್ತಿಧರ್ಮಕ್ಕೇ ಸಲ್ಲದು. ಅದಿರಲಿ, ಎದುರಿನವರು ಎತ್ತಿದರೆ ಪೆಟ್ಟು ಜಾಸ್ತಿ.

ನಮ್ಮ ಕೇಸಿನಲ್ಲಿ ಆರೋಪಿ ಪರ ವಕೀಲರು ಖಂಡಿತ ತರುವುದು ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ, (2019) 5 ಎಸ್‌ಸಿಸಿ 418. ಅದೂ ಕರ್ನಾಟಕದಿಂದಲೇ ಹೋದ ಕೇಸು. ಅಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಇದಕ್ಕೆ 'ಅದು ನಮಗೆ ಅನ್ವಯಿಸುವುದಿಲ್ಲ' ಎಂದು ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ. ಸಂಗತಿಗೆ ಸಂಗತಿ ಜೋಡಿಸಿ. ಆ ಕೇಸಿನಲ್ಲಿ 6 ಲಕ್ಷ ಕೊಡುವ ಶಕ್ತಿ ದೂರುದಾರರಿಗೆ ಇತ್ತೇ ಎಂದು ಪಾಟಿಸವಾಲಿನಲ್ಲಿ ಪ್ರಶ್ನಿಸಲಾಗಿತ್ತು, ತೃಪ್ತಿಕರ ಉತ್ತರ ಬರಲಿಲ್ಲ. ನಮ್ಮಲ್ಲಿ ಆ ಪ್ರಶ್ನೆಯೇ ಬಂದಿಲ್ಲ, ಮೇಲಾಗಿ ಬ್ಯಾಂಕ್ ವಿವರ ಇದೆ. ಆಮೇಲೆ ಅದೇ ತೀರ್ಪಿನ 25ನೇ ಪ್ಯಾರಾ ತೆರೆಯಿರಿ. ಸಹಿ ಒಪ್ಪಿದ ಮೇಲೆ ಊಹೆ ಏಳುತ್ತದೆ, ಅದನ್ನು ಅಲ್ಲಾಡಿಸುವ ಹೊಣೆ ಆರೋಪಿಯದು ಎಂದು ಅಲ್ಲೂ ಇದೆ. ಎದುರಿನವರ ತೀರ್ಪಿನಿಂದಲೇ ನಿಮ್ಮ ಮಾತು ಓದಿ ಹೇಳಿದರೆ ಅದಕ್ಕಿಂತ ಗಟ್ಟಿ ಉತ್ತರ ಇನ್ನೊಂದಿಲ್ಲ.

9. ಕೊಡುವುದು, ನಿಂತು ಹೇಳುವುದು

ಒಂದು ಮೆಮೊ ಮಾಡಿ. ತೀರ್ಪಿನ ಹೆಸರು, ಸೈಟೇಶನ್, ಪೀಠದ ಸಂಖ್ಯೆ, ಪ್ಯಾರಾ, ಯಾವ ಅಂಶಕ್ಕೆ ಎಂದು ಒಂದೇ ಸಾಲು. ಹಿಂದೆ ತೀರ್ಪಿನ ಪೂರ್ತಿ ಪ್ರತಿ, ಬೇಕಾದ ಪ್ಯಾರಾ ಪಕ್ಕ ಗೆರೆ. ಎದುರು ಪಕ್ಷಕ್ಕೆ ಒಂದು ಪ್ರತಿ ಮೊದಲೇ ಕೊಡಿ. ಒಂದು ಅಂಶಕ್ಕೆ ಒಂದು ತೀರ್ಪು, ತೀರಾ ಬೇಕಾದರೆ ಎರಡು. ಬೆಳಗ್ಗೆಯಿಂದ ನೂರು ಕೇಸ್ ಕರೆದಿರುವ ಕೋರ್ಟಿನಲ್ಲಿ ಅದಕ್ಕಿಂತ ಜಾಸ್ತಿ ಯಾರೂ ಓದಲಾರರು.

ನಿಂತಾಗ ಹೆಸರಿನಿಂದ ಶುರು ಮಾಡಬೇಡಿ, ವಿಷಯದಿಂದ ಶುರು ಮಾಡಿ. "ಸ್ವಾಮಿ, ಸಹಿ ಒಪ್ಪಿಕೊಂಡಿದ್ದಾರೆ. ಆಮೇಲೆ ಹೊಣೆ ಯಾರದು ಅನ್ನೋದಷ್ಟೇ ಪ್ರಶ್ನೆ. ಮೆಮೊದ ಮೊದಲನೇ ತೀರ್ಪು, ಪ್ಯಾರಾ 26, ಗೆರೆ ಎಳೆದಿದ್ದೇನೆ." ಇಷ್ಟು ಹೇಳಿ ನಿಲ್ಲಿಸಿ. ನ್ಯಾಯಾಧೀಶರು ಪುಟ ತಿರುಗಿಸಿ ಓದಲಿ. ಆ ಮೌನ ಅರ್ಧ ನಿಮಿಷ ಇರಬಹುದು, ಅದನ್ನು ಮಾತಿನಿಂದ ತುಂಬಬೇಡಿ. ಅವರು ತಲೆ ಎತ್ತಿದ ಮೇಲೆ ನಿಶಾನೆ ಪಿ-6ಕ್ಕೆ ಬನ್ನಿ.

ಗೊತ್ತಿಲ್ಲದ ತೀರ್ಪನ್ನು ಎದುರಿನವರು ಏಕಾಏಕಿ ಕೊಟ್ಟರೆ ಹೆದರಬೇಡಿ. ಓದಲು ಸಮಯ ಕೇಳಿ, ಲಿಖಿತವಾಗಿ ಉತ್ತರಿಸಲು ಅನುಮತಿ ಕೇಳಿ. ಓದದೆ ಕೊಡುವ ಉತ್ತರ ಬೇಡ.

ವಾದ ಮುಗಿದು ಕೇಸು ತೀರ್ಪಿಗೆ ಹೋದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಆ ಮಧ್ಯೆ ಸುಪ್ರೀಂ ಕೋರ್ಟಿನಿಂದ ಅದೇ ವಿಷಯದ ಮೇಲೆ ಹೊಸ ತೀರ್ಪು ಬಂದರೆ, ನಿಮಗೆ ಅನುಕೂಲವಾಗಲಿ ಪ್ರತಿಕೂಲವಾಗಲಿ, ಎದುರು ಪಕ್ಷಕ್ಕೆ ಪ್ರತಿ ಕೊಟ್ಟು ಇನ್ನೊಂದು ಮೆಮೊ ಹಾಕಿ. ನಾನು ಪ್ರತಿ ಶನಿವಾರ ತೀರ್ಪಿಗೆ ಇಟ್ಟ ಫೈಲುಗಳ ಪಟ್ಟಿ ತೆಗೆದು, ಒಂದೊಂದಕ್ಕೂ ಹತ್ತು ನಿಮಿಷ ಹುಡುಕುತ್ತೇನೆ.